ಜೋಡಿ ಎಣಿಸುವ ಕೋಡ್ ಕೂಡ ಒಂದು ಟೆಲಿಸ್ಕೋಪೇ

2025ರ ಮಾರ್ಚ್ 19ರಂದು ಗ್ಯಾಲಕ್ಸಿಗಳ ನಕ್ಷೆ ಮಾಡುವ ಡೆಸಿ ಸಮೀಕ್ಷೆಯ ತಂಡ ಒಂದು ದೊಡ್ಡ ಸುದ್ದಿ ಕೊಟ್ಟಿತು. ಬ್ರಹ್ಮಾಂಡ ಹಿಗ್ಗುವ ವೇಗವನ್ನು ಹೆಚ್ಚಿಸುತ್ತಿರುವ ಡಾರ್ಕ್ ಎನರ್ಜಿ ಇದೆಯಲ್ಲ, ಅದರ ಬಲ ಕಾಲ ಕಳೆದಂತೆ ಕುಗ್ಗುತ್ತಿರಬಹುದು ಎಂದು. ಸುದ್ದಿಯ ಜೊತೆಗೆ ಬಂದ ಫೋಟೊಗಳಲ್ಲಿ ಇದ್ದದ್ದು ಅಮೆರಿಕದ ಅರಿಜೋನಾದಲ್ಲಿರುವ ಕಿಟ್ ಪೀಕ್ ಬೆಟ್ಟ, ಅದರ ಮೇಲಿನ 4 ಮೀಟರ್ ಟೆಲಿಸ್ಕೋಪ್, ಅದರೊಳಗೆ ಒಂದೊಂದು ಗ್ಯಾಲಕ್ಸಿಯ ಕಡೆಗೂ ಬೆಳಕು ಹಿಡಿಯುವ ಒಂದೊಂದು ಫೈಬರ್ ಎಳೆ ತಿರುಗಿಸುವ 5000 ಪುಟ್ಟ ರೋಬಾಟ್‌ಗಳು. ನೋಡೋಕೆ ಚಂದ.

ಆದರೆ ಆ ಟೆಲಿಸ್ಕೋಪಿಗೂ ಈ ಸುದ್ದಿಗೂ ನಡುವೆ ಇನ್ನೊಂದು ಉಪಕರಣ ಇದೆ. ಅದಕ್ಕೆ ಫೋಟೊ ಇಲ್ಲ, ಯಾಕೆಂದರೆ ಅದೊಂದು ಪ್ರೋಗ್ರಾಂ. ಅದು ಮಾಡುವ ಕೆಲಸವನ್ನು ಮೂರನೇ ಕ್ಲಾಸಿನ ಮಗುವಿಗೂ ಹೇಳಬಹುದು. ಎರಡು ಗ್ಯಾಲಕ್ಸಿ ತಗೋ. ಅವುಗಳ ನಡುವಿನ ದೂರ ಅಳೆ. ಆ ದೂರಕ್ಕೆ ಇಟ್ಟಿರುವ ಡಬ್ಬಿಯಲ್ಲಿ ಒಂದು ಕಾಳು ಹಾಕು. ಮುಂದಿನ ಜೋಡಿಗೆ ಹೋಗು. ಇದನ್ನು ಲಕ್ಷ ಕೋಟಿಗಟ್ಟಲೆ ಸಲ ಮಾಡು. ಇದಕ್ಕೆ ಟೂ-ಪಾಯಿಂಟ್ ಕೋರಿಲೇಶನ್ ಅಳೆಯುವುದು ಅಂತ ಹೆಸರು. ಈ ಎಣಿಕೆಯಲ್ಲಿ ಒಂದು ಸಣ್ಣ ಓರೆ ಬಂದರೂ ಬ್ರಹ್ಮಾಂಡದ ಕಥೆಯೇ ಓರೆಯಾಗಬಹುದು. ಹಾಗಾಗಿ ಈ ಕೋಡನ್ನು ಟೆಲಿಸ್ಕೋಪಿನಷ್ಟೇ ಜತನದಿಂದ ನೋಡಿಕೊಳ್ಳಬೇಕು ಎನ್ನುವುದು ನನ್ನ ಮಾತು.

ಮೊದಲು ಎಣಿಕೆ ಯಾಕೆ ಬೇಕು ಅಂತ ನೋಡೋಣ. ಮನೆ ಅಂಗಳದಲ್ಲಿ ಇರುವೆಗಳು ಓಡಾಡುತ್ತಿವೆ ಅಂದುಕೊಳ್ಳಿ. ಅವು ಸುಮ್ನೆ ಚೆದುರಿಕೊಂಡಿವೆಯೋ, ಗುಂಪು ಕಟ್ಟಿವೆಯೋ? ಕಣ್ಣಿಗೆ ಗುಂಪು ಕಂಡರೂ ನಂಬುವ ಹಾಗಿಲ್ಲ. ಕಣ್ಣು ಎಲ್ಲಿ ಬೇಕಾದರೂ ಗುಂಪು ನೋಡುತ್ತದೆ. ಅದಕ್ಕೆ ಒಂದು ಉಪಾಯ: ಅದೇ ಅಂಗಳಕ್ಕೆ ಒಂದು ಬೊಗಸೆ ರಾಗಿ ಎರಚಿ. ಒಂದು ಗೇಣು ದೂರದಲ್ಲಿರುವ ಇರುವೆ ಜೋಡಿಗಳು ಎಷ್ಟು, ಅಷ್ಟೇ ದೂರದ ರಾಗಿ ಜೋಡಿಗಳು ಎಷ್ಟು, ಎರಡನ್ನೂ ಎಣಿಸಿ, ಅವು ತಮ್ಮ ತಮ್ಮ ಒಟ್ಟು ಜೋಡಿಗಳಲ್ಲಿ ಎಷ್ಟು ಪಾಲು ಎಂದು ಹೋಲಿಸಿ. ಇರುವೆ ಜೋಡಿಗಳ ಪಾಲು ಜಾಸ್ತಿ ಇದ್ದರೆ ಆ ದೂರದಲ್ಲಿ ಏನೋ ಇದೆ ಅಂತ ಅರ್ಥ. ಅಂಗಳದ ನಡುವೆ ತುಳಸಿ ಕಟ್ಟೆ ಇದ್ದರೆ ಅಲ್ಲಿ ಇರುವೆಯನ್ನೂ ಎಣಿಸಿರುವುದಿಲ್ಲ, ರಾಗಿಯನ್ನೂ ಎರಚಬಾರದು. ಇಷ್ಟೇ ಸೂತ್ರ.

ಗ್ಯಾಲಕ್ಸಿ ಸಮೀಕ್ಷೆಯಲ್ಲಿ ಆ ರಾಗಿಗೆ ರ‍್ಯಾಂಡಮ್ ಕ್ಯಾಟಲಾಗ್ ಅಂತಾರೆ. ಕಂಪ್ಯೂಟರ್ ಹುಟ್ಟಿಸಿದ ಸುಳ್ಳು ಗ್ಯಾಲಕ್ಸಿಗಳ ಪಟ್ಟಿ ಅದು. ತುಳಸಿ ಕಟ್ಟೆಗಳು ಅಲ್ಲಿ ಬೇಕಾದಷ್ಟು: ಪ್ರಖರ ನಕ್ಷತ್ರಗಳ ಸುತ್ತ ಬಿಟ್ಟ ಜಾಗ, ನಮ್ಮದೇ ಆಕಾಶಗಂಗೆಯ ಧೂಳು, ಮೋಡ ಇದ್ದ ರಾತ್ರಿಗಳು. ಇದೆಲ್ಲ ಸುಳ್ಳು ಪಟ್ಟಿಯಲ್ಲೂ ಸರಿಯಾಗಿ ಬರಬೇಕು. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಅತಿ ನಾಜೂಕಿನ ಭಾಗ ಇದೇ. ಒಂದು ಕಟ್ಟೆ ಮರೆತರೆ ಬ್ರಹ್ಮಾಂಡದಲ್ಲಿ ಇಲ್ಲದ ಗುಂಪೊಂದು ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತದೆ.

ಈ ಎಣಿಕೆಯ ಚರಿತ್ರೆ ಹಳೆಯದು. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ಫೋಟೊ ಪ್ಲೇಟುಗಳನ್ನು ಮುಂದಿಟ್ಟುಕೊಂಡು ಶೇನ್ ಮತ್ತು ವಿರ್ಟಾನೆನ್ ಎಂಬ ಇಬ್ಬರು ವರ್ಷಗಟ್ಟಲೆ ಕಣ್ಣಿನಿಂದಲೇ ಗ್ಯಾಲಕ್ಸಿಗಳನ್ನು ಎಣಿಸಿದರು. ಸುಮಾರು 10 ಲಕ್ಷ. ಆ ಲೆಕ್ಕ ಹಿಡಿದು 1969ರಲ್ಲಿ ಜಪಾನಿನ ತೊತ್ಸುಜಿ ಮತ್ತು ಕಿಹಾರಾ ಗ್ಯಾಲಕ್ಸಿಗಳ ಗುಂಪುಗಾರಿಕೆಗೆ ಒಂದು ಗಣಿತದ ರೂಪ ಕೊಟ್ಟರು. ಆಮೇಲೆ ಪ್ರಿನ್ಸ್‌ಟನ್‌ನ ಜೇಮ್ಸ್ ಪೀಬಲ್ಸ್ ಮತ್ತು ಜೊತೆಗಾರರು ಇದನ್ನೇ ಒಂದು ದೊಡ್ಡ ಶಾಸ್ತ್ರವಾಗಿ ಬೆಳೆಸಿದರು. ಪೀಬಲ್ಸ್‌ಗೆ 2019ರಲ್ಲಿ ನೊಬೆಲ್ ಬಂತು. 1980ರ ದಶಕದಲ್ಲಿ ಈ ಲಿಕ್ ಎಣಿಕೆಯ ಮೇಲೆ ಒಂದು ತಕರಾರು ಎದ್ದಿತು. ಪ್ಲೇಟಿನಿಂದ ಪ್ಲೇಟಿಗೆ, ಎಣಿಸಿದವರಿಂದ ಎಣಿಸಿದವರಿಗೆ ಲೆಕ್ಕ ಬದಲಾಗಿದೆ, ಅದು ಕೋರಿಲೇಶನ್ ಒಳಗೂ ನುಗ್ಗಿದೆ ಎಂದು. ಅಂದರೆ ಎಣಿಸುವವನ ಕಣ್ಣೂ ಒಂದು ಉಪಕರಣ, ಅದನ್ನೂ ಪರೀಕ್ಷೆ ಮಾಡಬೇಕು ಎನ್ನುವ ಪ್ರಶ್ನೆ ಆಗಲೇ ಬಂದಿತ್ತು. ಈಗ ಆ ಕಣ್ಣಿನ ಜಾಗದಲ್ಲಿ ಕೋಡ್ ಕೂತಿದೆ. ಪ್ರಶ್ನೆ ಅದೇ ಇದೆ.

ಎಣಿಕೆಯಿಂದ ಸಿಕ್ಕ ದೊಡ್ಡ ಫಲ 2005ರದು. ಸ್ಲೋನ್ ಸಮೀಕ್ಷೆಯ 46,748 ಕೆಂಪು ಗ್ಯಾಲಕ್ಸಿಗಳ ಜೋಡಿಗಳನ್ನು ಎಣಿಸಿದಾಗ ಹತ್ತಿರತ್ತಿರ 50 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದು ಸಣ್ಣ ಉಬ್ಬು ಕಂಡಿತು. ಬ್ರಹ್ಮಾಂಡಕ್ಕೆ ಇನ್ನೂ 3,80,000 ವರ್ಷ ವಯಸ್ಸಾಗಿದ್ದಾಗ ಕಾದ ಅನಿಲದಲ್ಲಿ ಹರಡುತ್ತಿದ್ದ ಶಬ್ದದ ಅಲೆಗಳು ಅಲ್ಲಲ್ಲೇ ನಿಂತುಹೋದವು. ಆ ಅಲೆ ಹೋಗಿದ್ದ ದೂರ ಬ್ರಹ್ಮಾಂಡದ ಜೊತೆ ಹಿಗ್ಗಿ ಈಗ ಎಷ್ಟಾಗಿದೆಯೋ ಅಷ್ಟು ದೂರದಲ್ಲಿ ಇವತ್ತಿಗೂ ಗ್ಯಾಲಕ್ಸಿ ಜೋಡಿಗಳು ಒಂಚೂರು ಜಾಸ್ತಿ. ಎಷ್ಟು ಜಾಸ್ತಿ? ಸುಮ್ನೆ ಎರಚಿದರೆ 100 ಜೋಡಿ ಸಿಗುವ ಕಡೆ ಸುಮಾರು 101. ಅದೇ ತಂಡದ ಜೊತೆಜೊತೆಗೆ 2ಡಿಎಫ್ ಸಮೀಕ್ಷೆಯವರೂ ಇದರ ಗುರುತನ್ನು ಬೇರೆ ದಾರಿಯಲ್ಲಿ ಕಂಡರು. ಈ ಉಬ್ಬು ಒಂದು ಅಳತೆಗೋಲು. ಬೇರೆ ಬೇರೆ ಕಾಲದಲ್ಲಿ ಅದು ಆಕಾಶದಲ್ಲಿ ಎಷ್ಟು ಅಗಲ ಕಾಣುತ್ತದೆ ಎಂದು ನೋಡಿದರೆ ಬ್ರಹ್ಮಾಂಡ ಯಾವಾಗ ಎಷ್ಟು ಹಿಗ್ಗಿತು ಎಂದು ತಿಳಿಯುತ್ತದೆ. ಡೆಸಿ ಮಾಡುತ್ತಿರುವುದು ಇದನ್ನೇ.

ಈಗ ಲೆಕ್ಕದ ಭಾರ ನೋಡಿ. 10 ಜನ ಪರಸ್ಪರ ಕೈ ಕುಲುಕಿದರೆ 45 ಜೋಡಿ. 100 ಜನ ಆದರೆ 4950. ಜನ ಹತ್ತು ಪಟ್ಟಾದರೆ ಜೋಡಿ ನೂರು ಪಟ್ಟು. ಡೆಸಿಯ 2025ರ ವಿಶ್ಲೇಷಣೆಯಲ್ಲಿ ಇದ್ದದ್ದು 1.4 ಕೋಟಿ ಗ್ಯಾಲಕ್ಸಿ ಮತ್ತು ದೂರದ ಗ್ಯಾಲಕ್ಸಿಗಳ ಪ್ರಖರ ನಡುಭಾಗಗಳಾದ ಕ್ವೇಸಾರ್‌ಗಳು. ಎಲ್ಲವನ್ನೂ ಒಂದೇ ರಾಶಿ ಮಾಡಿ ಜೋಡಿಸಿದರೆ 98 ಲಕ್ಷ ಕೋಟಿ ಜೋಡಿ. ಸೆಕೆಂಡಿಗೆ 100 ಕೋಟಿ ಜೋಡಿ ಎಣಿಸುವ ಯಂತ್ರ ಇದ್ದರೂ 27 ಗಂಟೆ ಬೇಕು. ಇದೇನು ದೊಡ್ಡದಲ್ಲ ಬಿಡಿ. ಕಷ್ಟ ಇರುವುದು ರಾಗಿಯಲ್ಲಿ. ರಾಗಿ ಕಮ್ಮಿ ಎರಚಿದರೆ ಅದರದ್ದೇ ಏರುಪೇರು ಉತ್ತರವನ್ನು ಕೆಡಿಸುತ್ತದೆ. ಹಾಗಾಗಿ ಗ್ಯಾಲಕ್ಸಿಗಳಿಗಿಂತ ಹತ್ತಾರು ಪಟ್ಟು ಜಾಸ್ತಿ ಎರಚುತ್ತಾರೆ. 50 ಪಟ್ಟು ಅಂತ ಇಟ್ಟುಕೊಳ್ಳಿ. ಆಗ ರಾಗಿ-ರಾಗಿ ಜೋಡಿಗಳು 2500 ಪಟ್ಟು. ಅದೇ ಯಂತ್ರಕ್ಕೆ ಏಳೂವರೆ ವರ್ಷಕ್ಕೂ ಜಾಸ್ತಿ ಬೇಕು!

ಇಲ್ಲಿಂದ ಶುರುವಾಗುವ ಜಾಣತನ ನನಗೆ ತುಂಬ ಇಷ್ಟ. ಮನೋದೀಪ್ ಸಿನ್ಹಾ ಮತ್ತು ಲೇಮನ್ ಗ್ಯಾರಿಸನ್ ಬರೆದ ಕಾರ್‌ಫಂಕ್ ಎಂಬ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಒಳಗೆ ಸಿ ಭಾಷೆ, ಮೇಲೆ ಪೈಥಾನ್ ಹೊದಿಕೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಒಳಗಿನ ಸಾಲು ಸಾಲನ್ನೂ ಓದಬಹುದು. ಅದರ ಮೊದಲ ಉಪಾಯ, ಜಾಗವನ್ನು ಚೌಕ ಕೋಣೆಗಳಾಗಿ ಒಡೆಯುವುದು. ನಮಗೆ 200 ಮೆಗಾಪಾರ್ಸೆಕ್ ಒಳಗಿನ ಜೋಡಿಗಳು ಮಾತ್ರ ಬೇಕು ಅನ್ನಿ. ಒಂದು ಮೆಗಾಪಾರ್ಸೆಕ್ ಅಂದರೆ 32.6 ಲಕ್ಷ ಜ್ಯೋತಿರ್ವರ್ಷ. 3000 ಮೆಗಾಪಾರ್ಸೆಕ್ ಅಗಲದ ಪೆಟ್ಟಿಗೆಯನ್ನು 200ರ ಕೋಣೆಗಳಾಗಿ ಒಡೆದರೆ 3375 ಕೋಣೆ ಬರುತ್ತವೆ. ಒಂದು ಗ್ಯಾಲಕ್ಸಿಯ ಜೊತೆಗಾರರನ್ನು ಹುಡುಕೋಕೆ ಅದರ ಕೋಣೆ ಮತ್ತು ಸುತ್ತಲಿನ 26 ಕೋಣೆಗಳಿಗೆ ಹೋದರೆ ಸಾಕು. ಉಳಿದ 3348 ಕೋಣೆಗಳ ಬಾಗಿಲನ್ನೂ ತಟ್ಟಬೇಕಿಲ್ಲ. ಕೆಲಸ 125ರಲ್ಲಿ ಒಂದು ಪಾಲಿಗೆ ಇಳಿಯಿತು. ಏಳೂವರೆ ವರ್ಷ ಇದ್ದದ್ದು ಸುಮಾರು 23 ದಿನ.

ಇನ್ನೊಂದು ಉಪಾಯ ಯೂಕ್ಲಿಡ್ ಎಂಬ ಬಾಹ್ಯಾಕಾಶ ಟೆಲಿಸ್ಕೋಪಿನ ಕೆಲಸಕ್ಕಾಗಿ ತಯಾರಿ ನಡೆಸಿದ್ದವರು 2019ರಲ್ಲಿ ತೋರಿಸಿದ್ದು. ಇಡೀ ರಾಗಿ ಮೂಟೆಯನ್ನು ಒಟ್ಟಿಗೆ ಎಣಿಸಬೇಡಿ, 50 ಚೀಲ ಮಾಡಿ, ಒಂದೊಂದು ಚೀಲದ ಒಳಗಿನ ಜೋಡಿಗಳನ್ನು ಮಾತ್ರ ಎಣಿಸಿ. ಚೀಲದಿಂದ ಚೀಲಕ್ಕೆ ಹೋಗುವ ಜೋಡಿಗಳನ್ನು ಬಿಟ್ಟರೂ ಉತ್ತರದ ನಿಖರತೆ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ನಮ್ಮ 23 ದಿನ ಈಗ 11 ಗಂಟೆ. ಯಂತ್ರ ಬದಲಾಗಲಿಲ್ಲ, ಯೋಚನೆ ಬದಲಾಯಿತು.

ಒಳಗಿನ ಕುಸುರಿ ಕೆಲಸ ಇನ್ನೂ ಇದೆ. ದೂರ ಅಳೆಯೋಕೆ ವರ್ಗಮೂಲ ಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ವರ್ಗಮೂಲ ಕಂಪ್ಯೂಟರಿಗೆ ದುಬಾರಿ. ದೂರದ ವರ್ಗವನ್ನು ಡಬ್ಬಿಯ ಅಂಚಿನ ವರ್ಗದ ಜೊತೆ ಹೋಲಿಸಿದರೆ ಆಯಿತು, ವರ್ಗಮೂಲವೇ ಬೇಡ. ಎವಿಎಕ್ಸ್-512 ಎಂಬ ಸೌಲಭ್ಯ ಇರುವ ಪ್ರೊಸೆಸರಿನಲ್ಲಿ ಒಂದೇ ಆಜ್ಞೆಗೆ ಎಂಟು ಜೋಡಿಗಳ ಲೆಕ್ಕ ಆಗುತ್ತದೆ, ಅದನ್ನು ಕೈಯಾರೆ ಬರೆದಿದ್ದಾರೆ. ಇನ್ನೊಂದು ಪುಟ್ಟ ಸಂಗತಿ: ಜೋಡಿ ಯಾವ ಡಬ್ಬಿಗೆ ಸೇರುತ್ತದೆ ಎಂದು ಹುಡುಕುವಾಗ ಕೋಡ್ ಕೊನೆಯ ಡಬ್ಬಿಯಿಂದ ಹಿಂದಕ್ಕೆ ಬರುತ್ತದೆ. ಯಾಕೆಂದರೆ ದೂರ ಹೋದಂತೆ ಜಾಗ ದೊಡ್ಡದು, ಹೆಚ್ಚಿನ ಜೋಡಿಗಳು ಕೊನೆಯ ಡಬ್ಬಿಗಳಲ್ಲೇ ಇರುತ್ತವೆ. ಬಾಗಿಲ ಹತ್ತಿರ ಇಟ್ಟ ವಸ್ತುವನ್ನು ಹಿತ್ತಿಲಿನಿಂದ ಹುಡುಕುತ್ತಾ ಬರುವುದು ಯಾಕೆ?

ಎಲ್ಲರೂ ಇದೇ ದಾರಿ ಹಿಡಿದಿಲ್ಲ. ಮೈಕ್ ಜಾರ್ವಿಸ್ ಅವರ ಟ್ರೀಕಾರ್ ಗ್ಯಾಲಕ್ಸಿಗಳನ್ನು ಮರದ ಕೊಂಬೆಗಳ ಹಾಗೆ ಗೊಂಚಲು ಮಾಡುತ್ತದೆ. ದೂರದ ಎರಡು ಗೊಂಚಲುಗಳನ್ನು ಬಿಡಿಸಿ ನೋಡದೆ ಒಟ್ಟಾಗಿ ಒಂದು ಡಬ್ಬಿಗೆ ಹಾಕುತ್ತದೆ. ಅಂಚಿನಲ್ಲಿ ಅಲ್ಪಸ್ವಲ್ಪ ಆಚೀಚೆ ಆಗುತ್ತದೆ. ಎಷ್ಟು ಆಗಬಹುದು ಎನ್ನುವುದನ್ನು ಬಿನ್ ಸ್ಲಾಪ್ ಎಂಬ ಒಂದು ಸಂಖ್ಯೆಯಲ್ಲಿ ಬಳಸುವವರೇ ಹೇಳಬಹುದು. ಸೊನ್ನೆ ಕೊಟ್ಟರೆ ಎಣಿಕೆ ಪಕ್ಕಾ, ಆದರೆ ನಿಧಾನ. ಗ್ಯಾಲಕ್ಸಿಗಳ ಆಕಾರ ಬೆಳಕಿನ ಬಾಗುವಿಕೆಯಿಂದ ತಿರುಚುವುದನ್ನು ಅಳೆಯುವವರಿಗೆ ಇದು ತುಂಬ ಬಳಕೆಯ ಸಾಧನ. ಎರಡೂ ಒಳ್ಳೆಯ ಕೋಡ್‌ಗಳೇ. ಆದರೆ ಆ ಒಂದು ಸಂಖ್ಯೆ ಏನು ಮಾಡುತ್ತದೆ ಎಂದು ತಿಳಿಯದೆ ಬಟನ್ ಒತ್ತಿದವರಿಗೆ ತಮ್ಮ ಉತ್ತರದಲ್ಲಿ ಎಷ್ಟು ಅಂದಾಜು ಸೇರಿದೆ ಎನ್ನುವುದೇ ಗೊತ್ತಿರುವುದಿಲ್ಲ.

ತಪ್ಪು ಎಷ್ಟು ಸದ್ದಿಲ್ಲದೆ ಬರುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕಂಪ್ಯೂಟರಿನಲ್ಲಿ ಪೈಥಾನ್ ಮತ್ತು ಅದರ ಲೆಕ್ಕದ ಪ್ಯಾಕೇಜ್ ನಂಪೈ ಇದ್ದರೆ ಈಗಲೇ ಮಾಡಿ ನೋಡಿ. 0.0002 ಎಂಬ ಸಂಖ್ಯೆಯನ್ನು 32 ಬಿಟ್ ಫ್ಲೋಟ್ ಮಾಡಿ ಅದರ ಕೊಸೈನ್ ಕೇಳಿ. ಉತ್ತರ 1 ಅಂತ ಬರುತ್ತದೆ. ನಿಜವಾದ ಉತ್ತರ 1ಕ್ಕಿಂತ ಒಂದು ಕೂದಲೆಳೆ ಕಮ್ಮಿ. ಆದರೆ 32 ಬಿಟ್‌ನಲ್ಲಿ ಏಳೆಂಟು ಅಂಕಿಗಿಂತ ಜಾಸ್ತಿ ಹಿಡಿಯಲ್ಲ, ಆ ಕೂದಲೆಳೆ ಉದುರಿಹೋಗುತ್ತದೆ. ಡಿಗ್ರಿಯ 3600ರಲ್ಲಿ ಒಂದು ಪಾಲನ್ನು ಆರ್ಕ್‌ಸೆಕೆಂಡ್ ಅಂತಾರೆ. 0.0002 ರೇಡಿಯನ್ ಅಂದರೆ ಸುಮಾರು 41 ಆರ್ಕ್‌ಸೆಕೆಂಡ್. ಲೆಕ್ಕ ಹಾಕಿದರೆ ಸುಮಾರು 50 ಆರ್ಕ್‌ಸೆಕೆಂಡಿಗಿಂತ ಹತ್ತಿರದ ಎಲ್ಲ ಜೋಡಿಗಳ ಕೊಸೈನೂ 1 ಆಗಿಬಿಡುತ್ತದೆ. ಗುರುಗ್ರಹ ನಮಗೆ ತೀರಾ ಹತ್ತಿರ ಬಂದಾಗ ಆಕಾಶದಲ್ಲಿ ಅಷ್ಟು ಅಗಲ ಕಾಣುತ್ತದೆ. ಅಂದರೆ ಕೋನದ ದೂರವನ್ನು ಕೊಸೈನಿನಿಂದ ತೆಗೆಯುವ ಕೋಡ್ 32 ಬಿಟ್‌ನಲ್ಲಿ ಓಡಿದರೆ ಅಷ್ಟರೊಳಗಿನ ಜೋಡಿಗಳೆಲ್ಲ ಒಂದರ ಮೇಲೊಂದು ಕೂತ ಹಾಗೆ ಲೆಕ್ಕ. ಪ್ರೋಗ್ರಾಂ ನಿಲ್ಲಲ್ಲ, ಎಚ್ಚರಿಕೆ ಕೊಡಲ್ಲ, ಗ್ರಾಫ್ ಕೂಡ ಚೆನ್ನಾಗೇ ಬರುತ್ತದೆ. ಎರಡು ದಿಕ್ಕುಗಳ ವ್ಯತ್ಯಾಸವನ್ನು ಮೊದಲು ತೆಗೆದು ಆಮೇಲೆ ವರ್ಗ ಮಾಡಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಆದರೆ ಯಾರಾದರೂ ಕೂತು ಅದನ್ನು ಗಮನಿಸಬೇಕಲ್ಲ!

ಹತ್ತಿರದ ಜೋಡಿಗಳಲ್ಲಿ ಟೆಲಿಸ್ಕೋಪಿಗೂ ಇಂಥದ್ದೇ ತೊಡಕು ಇದೆ. ಸ್ಲೋನ್ ಸಮೀಕ್ಷೆಯಲ್ಲಿ ಫೈಬರ್‌ಗಳಿಗೆ ತೂತು ಕೊರೆದ ಒಂದೇ ಲೋಹದ ಪ್ಲೇಟಿನ ಮೇಲೆ 55 ಆರ್ಕ್‌ಸೆಕೆಂಡಿಗಿಂತ ಹತ್ತಿರ ಎರಡು ಫೈಬರ್ ಚುಚ್ಚುವ ಹಾಗಿರಲಿಲ್ಲ, ಫೈಬರಿನ ದಪ್ಪವೇ ಅಡ್ಡ ಬರುತ್ತಿತ್ತು. ಡೆಸಿಯಲ್ಲಿ ಪ್ರತಿ ರೋಬಾಟ್‌ಗೂ ತನ್ನದೇ ಒಂದು ಸಣ್ಣ ವಲಯ, ಒಂದೇ ವಲಯದಲ್ಲಿ ಎರಡು ಗ್ಯಾಲಕ್ಸಿ ಬಿದ್ದರೆ ಒಂದು ಕಾಯಬೇಕು. ಗುಂಪು ದಟ್ಟ ಇರುವ ಕಡೆಯೇ ಜೋಡಿಗಳು ತಪ್ಪಿಹೋಗುತ್ತವೆ, ನಮಗೆ ಬೇಕಾದದ್ದೂ ಅದೇ ಜೋಡಿಗಳು.

ಇದಕ್ಕೆ ಬಿಯಾಂಕಿ ಮತ್ತು ಪರ್ಸಿವಲ್ 2017ರಲ್ಲಿ ಕೊಟ್ಟ ಪರಿಹಾರ ಬಲು ಸೊಗಸು. ಫೈಬರ್ ಹಂಚುವ ಆಟವನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಆಡಿಸಿ. 64 ಸಲ ಅನ್ನಿ. ಒಂದು ಗ್ಯಾಲಕ್ಸಿಗೆ ಫೈಬರ್ ಸಿಕ್ಕ ಸಲ 1, ಸಿಗದ ಸಲ 0 ಬರೆದುಕೊಳ್ಳಿ. ಪ್ರತಿ ಗ್ಯಾಲಕ್ಸಿಗೂ 64 ಬಿಟ್‌ಗಳ ಒಂದು ಹಾಜರಿ ಪಟ್ಟಿ ಆಯಿತು. ಒಂದು ಗ್ಯಾಲಕ್ಸಿ 32 ಸಲ ಹಾಜರು, ಪಕ್ಕದ್ದೂ 32 ಸಲ ಹಾಜರು, ಆದರೆ ಇಬ್ಬರೂ ಒಟ್ಟಿಗೆ ಹಾಜರಿದ್ದದ್ದು 8 ಸಲ ಮಾತ್ರ. ಬೇರೆ ಬೇರೆಯಾಗಿ ನೋಡಿದರೆ ಒಂದೊಂದಕ್ಕೂ ತೂಕ 2, ಜೋಡಿಗೆ 4 ಅಂತ ಅನಿಸುತ್ತದೆ. ಅದು ತಪ್ಪು. ಜೋಡಿ 64ರಲ್ಲಿ 8 ಸಲ ಸಿಕ್ಕಿದೆ, ಹಾಗಾಗಿ ಅದರ ತೂಕ 8. ಇದನ್ನು ಎಣಿಕೆಯ ಒಳಗೇ, ಪ್ರತಿ ಜೋಡಿಗೂ, ಎರಡು ಹಾಜರಿ ಪಟ್ಟಿಗಳನ್ನು ತಾಳೆ ಹಾಕಿ ಮಾಡಬೇಕು. ಹಳೆಯ ಕೋಡ್‌ಗಳಿಗೆ ಇದು ಬರುತ್ತಿರಲಿಲ್ಲ. ಡೆಸಿಯವರು ಕಾರ್‌ಫಂಕನ್ನೇ ತಿದ್ದಿ, ಪೈಕಾರ್ ಎಂಬ ಹೊದಿಕೆ ಹಾಕಿ ಇದನ್ನು ಒಳಗೆ ಸೇರಿಸಿಕೊಂಡರು. ಕೋಡ್ ತೆರೆದಿದ್ದರಿಂದ ತಾನೇ ಇದು ಆದದ್ದು.

ಎಣಿಸಿದ ಮೇಲೆ ಮೂರು ರಾಶಿಗಳು ಕೈಯಲ್ಲಿರುತ್ತವೆ: ಗ್ಯಾಲಕ್ಸಿ-ಗ್ಯಾಲಕ್ಸಿ, ಗ್ಯಾಲಕ್ಸಿ-ರಾಗಿ, ರಾಗಿ-ರಾಗಿ. ರಾಗಿ ಜಾಸ್ತಿ ಇರುವುದನ್ನು ಸರಿದೂಗಿಸಿಕೊಂಡು, ಮೊದಲನೆಯದನ್ನು ಕೊನೆಯದರಿಂದ ಭಾಗಿಸಿ ಒಂದು ಕಳೆದರೂ ಉತ್ತರ ಬರುತ್ತದೆ. ಆದರೆ 1993ರಲ್ಲಿ ಲ್ಯಾಂಡಿ ಮತ್ತು ಸಾಲೈ ನಡುವಿನ ರಾಶಿಯ ಎರಡರಷ್ಟನ್ನು ಕಳೆದು, ಕೊನೆಯದನ್ನು ಕೂಡಿಸಿ, ಆಮೇಲೆ ಭಾಗಿಸಿ ಎಂದರು. ಹಾಗೆ ಮಾಡಿದರೆ ಸಮೀಕ್ಷೆಯ ಅಂಚುಗಳಿಂದ ಬರುವ ಗದ್ದಲ ವಜಾ ಆಗಿ ಉತ್ತರ ಸ್ಥಿರವಾಗುತ್ತದೆ. ಮೂವತ್ತು ವರ್ಷ ಕಳೆದರೂ ಎಲ್ಲರೂ ಬಳಸುವುದು ಆ ಸೂತ್ರವನ್ನೇ.

ಈ ಸೂಕ್ಷ್ಮಗಳ ಬೆಲೆ ತಿಳಿಯಬೇಕಾದರೆ ಡೆಸಿ ಸುದ್ದಿಗೆ ವಾಪಸ್ ಬನ್ನಿ. ಡಾರ್ಕ್ ಎನರ್ಜಿ ಬದಲಾಗುತ್ತಿದೆ ಎನ್ನುವ ಸುಳಿವಿನ ಬಲ, ಸಿಡಿದ ನಕ್ಷತ್ರಗಳ ಯಾವ ಸೂಪರ್‌ನೋವಾ ಪಟ್ಟಿ ಜೊತೆಗಿಟ್ಟಿದ್ದೀರಿ ಎನ್ನುವುದರ ಮೇಲೆ, 2.8ರಿಂದ 4.2 ಸಿಗ್ಮಾ. ಸಿಗ್ಮಾ ಅಂದರೆ ಇದು ಬರೀ ಆಕಸ್ಮಿಕ ಇರಲಾರದು ಎನ್ನುವುದರ ಅಳತೆ, ಜಾಸ್ತಿ ಇದ್ದಷ್ಟೂ ಗಟ್ಟಿ. ಕಂಡುಹಿಡಿದೆವು ಎಂದು ಹೇಳೋಕೆ ಭೌತವಿಜ್ಞಾನಿಗಳು ಕೇಳುವುದು 5. ಈ ನಡುವಿನ ಜಾಗದಲ್ಲಿ ಎಣಿಕೆಯ ಪ್ರತಿ ಹೆಜ್ಜೆಯ ಮೇಲೂ ಕಣ್ಣಿಡಬೇಕು. ತಂಡದವರು ಅದನ್ನು ಚೆನ್ನಾಗಿ ಬಲ್ಲರು. ಉತ್ತರ ಮೊದಲೇ ಕಂಡರೆ ಮನಸ್ಸು ಅದರ ಕಡೆ ವಾಲುತ್ತದೆ ಎಂದು, ವಿಶ್ಲೇಷಣೆ ಪಕ್ಕಾ ಆಗುವವರೆಗೆ ಗ್ಯಾಲಕ್ಸಿಗಳ ದೂರ ಹೇಳುವ ರೆಡ್‌ಶಿಫ್ಟುಗಳನ್ನೇ ಬೇಕೆಂದೇ ಸರಿಸಿಟ್ಟು, ತಮ್ಮಿಂದಲೇ ನಿಜವನ್ನು ಮುಚ್ಚಿಟ್ಟುಕೊಂಡಿದ್ದರು. 2024ರ ಮೊದಲ ಫಲಿತಾಂಶಕ್ಕೆ ಜೋಡಿ ಎಣಿಕೆಯ ಜೊತೆಗೆ ಪವರ್ ಸ್ಪೆಕ್ಟ್ರಂ ಎಂಬ ಬೇರೆ ದಾರಿಯಲ್ಲೂ ಉಬ್ಬನ್ನು ಅಳೆದು ತಾಳೆ ನೋಡಿದರು. ತಾಳೆ ಆಯಿತು. ಕಂಪ್ಯೂಟರಿನೊಳಗೆ ಕಟ್ಟಿದ ನೂರಾರು ನಕಲಿ ಬ್ರಹ್ಮಾಂಡಗಳ ಮೇಲೂ ಇದೇ ಕೋಡ್‌ಗಳನ್ನು ಓಡಿಸಿದರು. ಈ ಕೆಲಸವೆಲ್ಲ ನಡೆಯುವುದು ಬರ್ಕ್ಲಿಯ ಪರ್ಲ್‌ಮಟರ್ ಎಂಬ ಸೂಪರ್‌ಕಂಪ್ಯೂಟರಿನಲ್ಲಿ. ಬ್ರಹ್ಮಾಂಡ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು ಕಂಡುಹಿಡಿದು 2011ರಲ್ಲಿ ನೊಬೆಲ್ ಹಂಚಿಕೊಂಡ ಸಾಲ್ ಪರ್ಲ್‌ಮಟರ್ ಅವರ ಹೆಸರು ಅದಕ್ಕೆ.

ನನ್ನ ಕಾಳಜಿ ಇರುವುದು ದಿನನಿತ್ಯದ ಆರೈಕೆಯ ಬಗ್ಗೆ. ಟೆಲಿಸ್ಕೋಪಿನ ಕನ್ನಡಿ ತೊಳೆಯೋಕೆ, ಮತ್ತೆ ಅಲ್ಯೂಮಿನಿಯಂ ಲೇಪ ಕೊಡೋಕೆ ಸಿಬ್ಬಂದಿ ಇರುತ್ತಾರೆ, ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇರುತ್ತದೆ. ಕೋಡಿನ ಮೇಲೂ ಧೂಳು ಕೂರುತ್ತದೆ. 2023ರಲ್ಲಿ ಪೈಥಾನ್ 3.12 ಬಂದಾಗ ಹಳೆಯ ಪ್ಯಾಕೇಜುಗಳನ್ನು ಕಟ್ಟುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು. 2024ರ ಜೂನಿನಲ್ಲಿ ನಂಪೈ 2.0 ಬಂದಾಗ ಅದನ್ನು ಸಿ ಭಾಷೆಯಿಂದ ಬಳಸುತ್ತಿದ್ದ ಪ್ಯಾಕೇಜುಗಳನ್ನು ಹೊಸದಾಗಿ ಕಂಪೈಲ್ ಮಾಡಬೇಕಾಯಿತು. ಇಂಥ ಕೆಲಸಕ್ಕೆ ಪ್ರಬಂಧ ಬರೆಯೋಕಾಗಲ್ಲ, ಬಡ್ತಿ ಸಿಗಲ್ಲ. ಹೆಚ್ಚಿನ ಸಲ ಇದನ್ನು ಮಾಡುವವರು ಒಬ್ಬರೋ ಇಬ್ಬರೋ, ಅದೂ ತಮ್ಮ ಬೇರೆ ಕೆಲಸದ ನಡುವೆ. ಅವರ ಗುತ್ತಿಗೆ ಮುಗಿದರೆ ಕೋಡ್ ಅನಾಥ. ಸಮೀಕ್ಷೆಗಳ ಯೋಜನೆ ಬರೆಯುವಾಗ ಕನ್ನಡಿಗೆ ಇಟ್ಟ ಹಾಗೆ ಕೋಡಿನ ಆರೈಕೆಗೂ ಕಾಯಂ ಹುದ್ದೆ ಇಡಬೇಕು. ಜೋಡಿ ಎಣಿಸುವ ಕೋಡ್ ಬಳಸಿದವರು ತಮ್ಮ ಪ್ರಬಂಧದಲ್ಲಿ ಅದರ ಹೆಸರು, ಆವೃತ್ತಿ, ಕೊಟ್ಟ ಸಂಖ್ಯೆಗಳು ಎಲ್ಲವನ್ನೂ ಬರೆಯಬೇಕು. ಇದು ಉಪಕಾರ ಸ್ಮರಣೆಗಿಂತ ಜಾಸ್ತಿಯ ಸಂಗತಿ. ಅದಿಲ್ಲದೆ ಆ ಅಳತೆಯನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡೋಕೆ ಆಗಲ್ಲ.

ಡೆಸಿಯ ಮೊದಲ ಕಂತಿನ ಮಾಹಿತಿ 2025ರ ಮಾರ್ಚ್‌ನಿಂದ ಎಲ್ಲರಿಗೂ ತೆರೆದಿದೆ. 1.3 ಕೋಟಿಗೂ ಹೆಚ್ಚು ಗ್ಯಾಲಕ್ಸಿಗಳು ಅದರಲ್ಲಿವೆ. ಎಲ್ಲ ಬೇಡ, ಒಂದು ತುಂಡು ಸಾಕು. 2005ರಲ್ಲಿ ಆ ಉಬ್ಬು ತೋರಿಸಿದ 46,748 ಗ್ಯಾಲಕ್ಸಿಗಳಲ್ಲಿ ಇರುವುದು ಸುಮಾರು 109 ಕೋಟಿ ಜೋಡಿ, ಇವತ್ತಿನ ಸಾಧಾರಣ ಲ್ಯಾಪ್‌ಟಾಪಿಗೆ ಅದು ಭಾರ ಅಲ್ಲ. ಕೈ ಹಾಕುವ ಆಸೆ ಇರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಉಬ್ಬು ಹುಡುಕೋಕೆ ಆತುರ ಪಡಬೇಡಿ. ಮೊದಲು ಎರಡು ಬೇರೆ ಬೇರೆ ರ‍್ಯಾಂಡಮ್ ಪಟ್ಟಿ ತಗೊಳ್ಳಿ. ಒಂದನ್ನು ಗ್ಯಾಲಕ್ಸಿ ಅಂತ ಕೋಡಿಗೆ ಸುಳ್ಳು ಹೇಳಿ, ಇನ್ನೊಂದನ್ನು ರಾಗಿ ಅಂತ ಕೊಡಿ. ಎಲ್ಲ ದೂರಗಳಲ್ಲೂ ಉತ್ತರ ಸೊನ್ನೆಯ ಆಸುಪಾಸು ಬರಬೇಕು. ಬರದಿದ್ದರೆ ಅಲ್ಲೇ ನಿಲ್ಲಿ, ಎಣಿಕೆಯಲ್ಲೇ ಓರೆ ಇದೆ, ಇಲ್ಲವೇ ಒಂದು ಪಟ್ಟಿಯಲ್ಲಿ ಯಾವುದೋ ತುಳಸಿ ಕಟ್ಟೆ ಮರೆತಿದ್ದೀರಿ.